ಒರಳು, ಬಿಲ್ಲೆ ಮತ್ತು ಹನ್ನೆರಡನೇ ಬೆಡ್

ನಾನು ಏನು ಕೆಲಸ ಮಾಡ್ತೀನಿ ಅಂತ ಊರಲ್ಲಿ ಯಾರಾದರೂ ಕೇಳಿದರೆ ಮೊದಲೆಲ್ಲ 'ಕಂಪ್ಯೂಟರ್ ಕೆಲಸ' ಅಂದು ಮುಗಿಸಿಬಿಡುತ್ತಿದ್ದೆ. ಈಗೀಗ 'ಪಟ್ಟಿ ಮಾಡೋ ಕೆಲಸ' ಅಂತೀನಿ. ಕೇಳಿದವರು ನಗುತ್ತಾರೆ. ಆದರೆ ನಾನು ತಮಾಷೆಗೆ ಹೇಳೋದಲ್ಲ. ನಿಮ್ಮ ಮೊಬೈಲ್ ತೆಗೆದು ನೋಡಿ. ವಾಟ್ಸಾಪ್ ತೆರೆದರೆ ಮಾತಾಡಿದವರ ಪಟ್ಟಿ, ಬ್ಯಾಂಕಿನ ಆಪ್ ತೆರೆದರೆ ಬಂದ ದುಡ್ಡು ಹೋದ ದುಡ್ಡಿನ ಪಟ್ಟಿ, ಊರಿಗೆ ಟಿಕೆಟ್ ಮಾಡಲು ಹೋದರೆ ಬಸ್ಸುಗಳ ಪಟ್ಟಿ. ನಮ್ಮಂಥವರು ಬೆಳಗ್ಗಿಂದ ಸಂಜೆವರೆಗೆ ಕೂತು ಮಾಡುವುದು ಇಂಥ ಪಟ್ಟಿಗಳನ್ನೇ.

ಹತ್ತಿಪ್ಪತ್ತು ಪಟ್ಟಿ ಬರೆದಾದ ಮೇಲೆ ಯಾವ ಎಂಜಿನಿಯರಿಗೂ ಒಂದು ಆಸೆ ಹುಟ್ಟುತ್ತದೆ. ಎಲ್ಲದಕ್ಕೂ ಆಗುವಂಥ ಒಂದೇ ಪಟ್ಟಿಯನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟು, ಬೇಕಾದಲ್ಲೆಲ್ಲ ಅದನ್ನೇ ಬಳಸೋಣ ಅಂತ. ನನಗೂ ಹುಟ್ಟಿತು. ಆ ಆಸೆ ಕೊನೆಗೆ ನನ್ನನ್ನು ತಂದು ನಿಲ್ಲಿಸಿದ್ದು ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ಹನ್ನೆರಡನೇ ಬೆಡ್ಡಿನ ಪಕ್ಕ. ಆ ಕಥೆ ಹೇಳ್ತೀನಿ. ಸಾಫ್ಟ್‌ವೇರ್ ಗೊತ್ತಿಲ್ಲದವರೂ ಓದಬಹುದು. ಚಕ್ಕುಲಿ ಗೊತ್ತಿದ್ದರೆ ಸಾಕು.

ಕೆಲವು ವರ್ಷದ ಹಿಂದಿನ ಮಾತು. ಒಂದು ಜಿಲ್ಲಾ ಕೇಂದ್ರದಲ್ಲಿರುವ 120 ಬೆಡ್ಡಿನ ಆಸ್ಪತ್ರೆಗೆ ನಮ್ಮ ಟೀಮು ಸಾಫ್ಟ್‌ವೇರ್ ಮಾಡುತ್ತಿತ್ತು. ಒಳರೋಗಿಗಳ ಪಟ್ಟಿ, ಲ್ಯಾಬ್ ರಿಪೋರ್ಟಿನ ಪಟ್ಟಿ, ಔಷಧಿ ಸ್ಟಾಕಿನ ಪಟ್ಟಿ, ಬಿಲ್ಲಿನ ಪಟ್ಟಿ, ಅಡುಗೆಮನೆಗೆ ಹೋಗುವ ಡಯಟ್ ಪಟ್ಟಿ. ಹೀಗೆ 14 ಸ್ಕ್ರೀನು. ನಾವು ಬಳಸಿದ್ದು ಬ್ಲೇಜರ್. ಮೈಕ್ರೋಸಾಫ್ಟಿನದು. ಬ್ರೌಸರ್ ಅನ್ನೋ ಪದಕ್ಕೆ ಅವರದೇ ರೇಜರ್ ಅನ್ನೋ ಟೆಂಪ್ಲೇಟ್ ಭಾಷೆಯ ಹೆಸರನ್ನು ಬೆರೆಸಿ ಮಾಡಿದ ಹೆಸರು ಅದು. 2017ರಲ್ಲಿ ಸ್ಟೀವ್ ಸ್ಯಾಂಡರ್ಸನ್ ಅನ್ನುವವರು ಓಸ್ಲೋದ ಒಂದು ಸಮ್ಮೇಳನದಲ್ಲಿ ಹೀಗೂ ಮಾಡಬಹುದು ನೋಡಿ ಅಂತ ಪ್ರಯೋಗ ಮಾಡಿ ತೋರಿಸಿದ್ದರು. 2019ರ ಸೆಪ್ಟೆಂಬರಿನಲ್ಲಿ ಡಾಟ್‌ನೆಟ್ ಕೋರ್ 3.0 ಜೊತೆ ಅಧಿಕೃತವಾಗಿ ಬಂತು. ಜಾವಾಸ್ಕ್ರಿಪ್ಟ್ ಬದಲು ಸಿ-ಶಾರ್ಪ್‌ನಲ್ಲೇ ವೆಬ್ ಪುಟ ಬರೆಯಬಹುದು ಅನ್ನೋದು ಅದರ ಆಕರ್ಷಣೆ. ಪುಟವನ್ನು ಕಾಂಪೊನೆಂಟ್ ಅನ್ನೋ ತುಂಡುಗಳಲ್ಲಿ ಕಟ್ಟುತ್ತೀವಿ. ಒಂದು ಬಟನ್ ಒಂದು ಕಾಂಪೊನೆಂಟ್, ಒಂದು ಸಾಲು ಒಂದು ಕಾಂಪೊನೆಂಟ್, ಬೇಕಾದರೆ ಇಡೀ ಪಟ್ಟಿಯೇ ಒಂದು ಕಾಂಪೊನೆಂಟ್.

ಎಲ್ಲ ಸ್ಕ್ರೀನಿಗೂ ಆಗೋ ಪಟ್ಟಿಯನ್ನು ನಾನು ಬರೆಯುತ್ತೀನಿ ಅಂತ ಮೀಟಿಂಗಿನಲ್ಲಿ ಕೈಯೆತ್ತಿದೆ.

ಮೊದಲನೇ ಸಲ ಬರೆದಾಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪಟ್ಟಿ ಹೇಗೆ ಕಾಣಬೇಕು ಅನ್ನೋದನ್ನೂ ನಾನೇ ತೀರ್ಮಾನ ಮಾಡಲು ಹೋದೆ. ಎಡಗಡೆ ದಪ್ಪಕ್ಷರದಲ್ಲಿ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ವಿವರ, ಬಲಗಡೆ ಒಂದು ಬಟನ್. ಯಾವ ಮಾಹಿತಿಯ ಯಾವ ಭಾಗವನ್ನು ಎಲ್ಲಿ ತೋರಿಸಬೇಕು ಅನ್ನೋದನ್ನು ಬಳಸುವವರು ಹೆಸರು ಬರೆದು ತಿಳಿಸಬೇಕಿತ್ತು. ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಲ್ಯಾಬ್ ಸ್ಕ್ರೀನ್ ಮಾಡುತ್ತಿದ್ದ ಹುಡುಗ ಬಂದ. ರಿಪೋರ್ಟಿನಲ್ಲಿ ಅಂಕಿ ಹೆಚ್ಚುಕಮ್ಮಿ ಇದ್ದರೆ ಕೆಂಪು ಬಣ್ಣ ಬೇಕಂತೆ. ಒಂದು ಪ್ಯಾರಾಮೀಟರ್ ಸೇರಿಸಿದೆ. ಫಾರ್ಮಸಿಗೆ ಎರಡು ಬಟನ್ ಬೇಕಂತೆ. ಸೇರಿಸಿದೆ. ಬಿಲ್ಲಿಂಗ್‌ನವರಿಗೆ ಬಟನ್ನೇ ಬೇಡ, ಮೊತ್ತ ಬಲಗಡೆಗೆ ಬರಬೇಕು. ಸೇರಿಸಿದೆ. ಡಯಟ್ ಪಟ್ಟಿಯಲ್ಲಿ ಬಟನ್ ಜಾಗದಲ್ಲಿ ಬರೆಯೋಕೆ ಒಂದು ಪೆಟ್ಟಿಗೆ ಬೇಕು. ಅದನ್ನೂ ಸೇರಿಸಿದೆ. ಎಣಿಸಿ ನೋಡಿದಾಗ ನನ್ನ ಕಾಂಪೊನೆಂಟಿಗೆ 31 ಪ್ಯಾರಾಮೀಟರ್ ಆಗಿದ್ದವು. ಒಳಗೆ 'ಇದಿದ್ದರೆ ಹಂಗೆ, ಅದಿಲ್ಲದಿದ್ದರೆ ಹಿಂಗೆ' ಅನ್ನೋ ಶರತ್ತುಗಳ ಪೊದೆ. ಲ್ಯಾಬಿಗೆ ಅಂತ ಒಂದು ಕಡೆ ಮುಟ್ಟಿದರೆ ಫಾರ್ಮಸಿ ಸ್ಕ್ರೀನ್ ವಕ್ರವಾಗುತ್ತಿತ್ತು. ಎಲ್ಲರ ಕೆಲಸ ಹಗುರ ಮಾಡ್ತೀನಿ ಅಂತ ಹೊರಟವನು ಎಲ್ಲರೂ ಕಾಯಬೇಕಾದ ಕೌಂಟರ್ ಆಗಿ ಕೂತಿದ್ದೆ.

ಆ ವಾರದ ಕೊನೆಗೆ ಗೋಕುಲಾಷ್ಟಮಿ ಬಂತು. ಊರಿಗೆ ಹೋದೆ. ಲ್ಯಾಪ್‌ಟಾಪ್ ಹೆಗಲಿಗೇ ಇತ್ತು ಅನ್ನಿ.

ನಮ್ಮ ಮನೆಯಲ್ಲಿ ಒಂದು ಹಿತ್ತಾಳೆ ಚಕ್ಕುಲಿ ಒರಳಿದೆ. ಅಮ್ಮ ಮದುವೆಯಾಗಿ ಬರುವಾಗ ತಂದಿದ್ದಂತೆ. ಜೊತೆಗೆ ಐದಾರು ಬಿಲ್ಲೆ. ನಕ್ಷತ್ರದ ತೂತಿನದು ಹಾಕಿದರೆ ಚಕ್ಕುಲಿ, ಸಣ್ಣ ತೂತುಗಳದು ಹಾಕಿದರೆ ಓಂಪುಡಿ, ಉದ್ದ ಸೀಳಿನದು ಹಾಕಿದರೆ ರಿಬ್ಬನ್ ಪಕೋಡ. ನನ್ನ ಕೆಲಸ ಚಿಕ್ಕಂದಿನಿಂದಲೂ ಒಂದೇ, ಒರಳು ಒತ್ತುವುದು. ಅವತ್ತೂ ಒತ್ತುತ್ತಾ ಕೂತಿದ್ದೆ. ಮುಖ ನೋಡಿ ಅಮ್ಮ ಕೇಳಿದರು, 'ಏನೋ ಅದು, ಆಫೀಸಿನ ಯೋಚನೇನಾ?' ನನಗೆ ತೋಚಿದ ಹಾಗೆ ಹೇಳಿದೆ. ಒಂದು ವಸ್ತು ಮಾಡಿದ್ದೀನಮ್ಮ, ಒಬ್ಬೊಬ್ಬರಿಗೂ ಒಂದೊಂದು ಥರ ಬೇಕಂತೆ, ಪ್ರತಿ ಸಲ ಅದನ್ನು ಬಿಚ್ಚಿ ಒಳಗೆ ತಿದ್ದಬೇಕು ಅಂತ.

ಅಮ್ಮ ಎಣ್ಣೆಯಿಂದ ಚಕ್ಕುಲಿ ತೆಗೆಯುತ್ತಾ ಅಂದರು, 'ಓಂಪುಡಿ ಬೇಕು ಅಂದ್ರೆ ಬಿಲ್ಲೆ ಬದಲಾಯಿಸ್ತೀವಪ್ಪ. ಒರಳನ್ನ ಯಾರಾದ್ರೂ ಬಿಚ್ತಾರಾ?'

ಇದನ್ನು ಕೇಳಿ ನನಗೆ ಜ್ಞಾನೋದಯವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬ್ಲೇಜರ್‌ನಲ್ಲಿ ಬಿಲ್ಲೆ ಬದಲಾಯಿಸುವ ವ್ಯವಸ್ಥೆ ಇದೆ ಅಂತ ನಾನು ಓದಿಯೇ ಇದ್ದೆ. ಮೈಕ್ರೋಸಾಫ್ಟಿನ ಕೈಪಿಡಿಯಲ್ಲಿ ಅದಕ್ಕೆ ಟೆಂಪ್ಲೇಟೆಡ್ ಕಾಂಪೊನೆಂಟ್ ಅಂತಾನೇ ಹೆಸರು. ಆದರೆ ಓದಿದ್ದು ಬೇರೆ, ನನ್ನ ಒರಳನ್ನು ನಾನೇ 31 ಸಲ ಬಿಚ್ಚಿದ್ದೀನಿ ಅಂತ ಒಪ್ಪಿಕೊಳ್ಳೋದು ಬೇರೆ. ಬೆಂಗಳೂರಿಗೆ ವಾಪಸ್ ಬಂದು ಹಳೆಯದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ.

ಈ ಸಲ ಪಟ್ಟಿಗೆ ಐದೇ ಪ್ಯಾರಾಮೀಟರ್.

ಒಂದು, ಹಿಟ್ಟು. ಅಂದರೆ ಮಾಹಿತಿ. ಅದು ರೋಗಿಗಳದ್ದೋ, ಮಾತ್ರೆಗಳದ್ದೋ, ಬಿಲ್ಲುಗಳದ್ದೋ ಒರಳಿಗೆ ಗೊತ್ತಿರಬೇಕಿಲ್ಲ. ಯಾವ ಜಾತಿಯ ಮಾಹಿತಿ ಅನ್ನುವ ಜಾಗವನ್ನು ಖಾಲಿ ಬಿಟ್ಟು, ಅದಕ್ಕೆ ಟಿ-ಐಟಂ ಅಂತ ಒಂದು ಹೆಸರು ಕೊಟ್ಟು ಬರೆಯಬಹುದು. ಬಳಸುವವರು ರೋಗಿಗಳ ಪಟ್ಟಿ ಕೊಟ್ಟರೆ ಟಿ-ಐಟಂ ರೋಗಿಯಾಗುತ್ತದೆ, ಬಿಲ್ಲು ಕೊಟ್ಟರೆ ಬಿಲ್ಲಾಗುತ್ತದೆ.

ಎರಡು, ಬಿಲ್ಲೆ. ಇದಕ್ಕೆ ಬ್ಲೇಜರ್ ಭಾಷೆಯಲ್ಲಿ ರೆಂಡರ್ ಫ್ರಾಗ್ಮೆಂಟ್ ಅನ್ನುತ್ತಾರೆ. ಪುಟದ ಒಂದು ತುಂಡನ್ನೇ ಪ್ಯಾರಾಮೀಟರ್ ಆಗಿ ಕಾಂಪೊನೆಂಟಿನ ಒಳಗೆ ಕಳಿಸುವುದು. 'ಒಬ್ಬ ರೋಗಿಯನ್ನು ಕೈಗೆ ಕೊಟ್ಟರೆ ನಾನು ಹೀಗೆ ತೋರಿಸುತ್ತೀನಿ' ಅಂತ ಬಳಸುವವರು ಬರೆದು ಕೊಡುತ್ತಾರೆ. ಪಟ್ಟಿ ಒಬ್ಬೊಬ್ಬರನ್ನೇ ಆ ಬಿಲ್ಲೆಯ ಮೂಲಕ ಒತ್ತುತ್ತಾ ಹೋಗುತ್ತದೆ. ಆ ತುಂಡಿನ ಒಳಗೆ ಸಿಗುವ ವಸ್ತುವಿಗೆ ಸುಮ್ಮನಿದ್ದರೆ 'ಕಾಂಟೆಕ್ಸ್ಟ್' ಅಂತ ಹೆಸರು. ಬೇಕಾದರೆ 'ರೋಗಿ' ಅಂತಲೋ 'ಬಿಲ್ಲು' ಅಂತಲೋ ನಾವೇ ಇಡಬಹುದು. ಇಡಬೇಕು ಕೂಡ. ಇಲ್ಲದಿದ್ದರೆ ಆರು ತಿಂಗಳ ಮೇಲೆ ಓದುವವರಿಗೆ ತಲೆಬುಡ ಗೊತ್ತಾಗಲ್ಲ. ಇನ್ನೊಂದು ಲಾಭ ಏನೆಂದರೆ, ಮೊದಲು 'ಹೆಸರು' ಅನ್ನೋ ಭಾಗವನ್ನು ತೋರಿಸು ಅಂತ ಅಕ್ಷರಗಳಲ್ಲಿ ಬರೆದು ಕಳಿಸುತ್ತಿದ್ದೆವಲ್ಲ, ಅದರಲ್ಲಿ ಒಂದಕ್ಷರ ತಪ್ಪಿದ್ದರೆ ಸ್ಕ್ರೀನ್ ತೆರೆದಾಗಲೇ ಗೊತ್ತಾಗುತ್ತಿತ್ತು. ಈಗ ತಪ್ಪಿದ್ದರೆ ಕಂಪೈಲ್ ಆಗುವುದೇ ಇಲ್ಲ.

ಮೂರು ಮತ್ತು ನಾಲ್ಕು, ಮಾಹಿತಿ ಇನ್ನೂ ಬಂದಿಲ್ಲದಾಗ ಏನು ತೋರಿಸಬೇಕು, ಬಂದು ಅದರಲ್ಲಿ ಏನೂ ಇಲ್ಲದಿದ್ದರೆ ಏನು ತೋರಿಸಬೇಕು ಅನ್ನುವ ಎರಡು ಸಣ್ಣ ತುಂಡುಗಳು. ಇವೆರಡೂ ಒಂದೇ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನಮ್ಮ ಹಳೇ ಲ್ಯಾಬ್ ಸ್ಕ್ರೀನ್ ತೆರೆದ ತಕ್ಷಣ ಎರಡು ಸೆಕೆಂಡ್ 'ಬಾಕಿ ರಿಪೋರ್ಟ್ ಇಲ್ಲ' ಅಂತ ತೋರಿಸಿ ಆಮೇಲೆ ಪಟ್ಟಿ ತರುತ್ತಿತ್ತು. ಅವಸರದಲ್ಲಿದ್ದ ಡಾಕ್ಟರು ಆ ಎರಡು ಸೆಕೆಂಡಿನಲ್ಲಿ ನೋಡಿ ಹೊರಟುಬಿಡಬಹುದು. ಗೊತ್ತಿಲ್ಲ ಅನ್ನೋದೂ ಇಲ್ಲ ಅನ್ನೋದೂ ಒಂದೇ ಅಲ್ಲವಲ್ಲ.

ಐದು, ತಲೆಬರಹದ ಸಾಲು. ಅಷ್ಟೇ.

14 ಸ್ಕ್ರೀನುಗಳಲ್ಲೂ ಒಂದೊಂದು ಫೋರ್‌ಈಚ್ ಲೂಪ್ ಬರೆದು ಮಾಡಿದ್ದ ಹಳೇ ಪಟ್ಟಿಗಳನ್ನೂ, ನನ್ನ 31 ಪ್ಯಾರಾಮೀಟರಿನ ಗೋಜಲನ್ನೂ ಕಿತ್ತು ಹೊಸದನ್ನು ಹಾಕಿದೆವು. ಲ್ಯಾಬಿನ ಹುಡುಗ ಕೆಂಪು ಬಣ್ಣವನ್ನು ತನ್ನ ಬಿಲ್ಲೆಯಲ್ಲೇ ಬರೆದುಕೊಂಡ, ನನ್ನನ್ನು ಕೇಳಲೇ ಇಲ್ಲ. ಮ್ಯಾನೇಜರ್ ಮೆಚ್ಚಿಕೊಂಡು ಮೇಲ್ ಬರೆದರು. ಬೇರೆ ಟೀಮಿನವರು ಬಂದು ನೋಡಿಕೊಂಡು ಹೋದರು. ನಾನು ಎರಡು ವಾರ ನೆಲದಿಂದ ಒಂದು ಗೇಣು ಮೇಲೇ ಓಡಾಡುತ್ತಿದ್ದೆ.

ಮೂರನೇ ವಾರ ಆಸ್ಪತ್ರೆಯಿಂದ ಫೋನ್ ಬಂತು.

ಮಾತಾಡಿದ್ದು ಸರ್ಜಿಕಲ್ ವಾರ್ಡಿನ ಹಿರಿಯ ಸಿಸ್ಟರ್. ದನಿಯಲ್ಲಿ ಸಿಟ್ಟಿರಲಿಲ್ಲ. 'ಸರ್, ಡಯಟ್ ಪಟ್ಟಿಯಲ್ಲಿ ಒಬ್ಬರದ್ದು ಒಬ್ಬರಿಗೆ ಹೋಗ್ತಾ ಇದೆ. 12ನೇ ಬೆಡ್‌ನವರಿಗೆ ಬೆಳಗ್ಗೆ ಆಪರೇಷನ್. ರಾತ್ರಿ 10ರ ಮೇಲೆ ಏನೂ ಕೊಡಬೇಡಿ ಅಂತ ನಾನು ಹಾಕಿದ್ದು ಅವರಿಗೆ. ಅಡುಗೆಮನೆಗೆ ಹೋದ ಪ್ರಿಂಟಲ್ಲಿ ಅದು 13ನೇ ಬೆಡ್ಡಿನ ಅಜ್ಜಿಗೆ ಬಂದಿದೆ.'

ನಾನು ತಕ್ಷಣ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. 12ನೇ ಬೆಡ್ಡಿನ ಎದುರು ಏನೋ ಟೈಪ್ ಮಾಡಿ ಸೇವ್ ಒತ್ತಿದೆ. 12ಕ್ಕೇ ಹೋಯಿತು. ಇನ್ನೊಂದು ಸಲ ಮಾಡಿದೆ. ಸರಿಯಾಗೇ ಇತ್ತು. 'ನಮ್ಮ ಕಡೆ ಸರಿಯಾಗಿದೆ ಸಿಸ್ಟರ್. ಅವಸರದಲ್ಲಿ ಪಕ್ಕದ ಸಾಲಿನಲ್ಲಿ ಟೈಪ್ ಮಾಡಿರಬೇಕು ನೀವು' ಅಂದೆ.

'ಇಲ್ಲ ಸರ್. 12ರ ಎದುರೇ ಟೈಪ್ ಮಾಡಿದ್ದು' ಅಂದರು. ನಾನು ನೋಡ್ತೀನಿ ಅಂತ ಫೋನ್ ಇಟ್ಟು, ಮ್ಯಾನೇಜರಿಗೆ ಒಂದು ಮೇಲ್ ಹಾಕಿದೆ. ಅದರಲ್ಲಿ 'ಯೂಸರ್ ಎರರ್' ಅಂತ ಬರೆದೆ. ಎರಡೇ ಪದ. ಬರೆಯೋಕೆ ಮೂರು ಸೆಕೆಂಡೂ ಹಿಡಿಯಲಿಲ್ಲ.

ನಾಲ್ಕು ದಿನದ ಮೇಲೆ ಮತ್ತೆ ಹಾಗೇ ಆಯಿತು. ಈ ಸಲ ಮ್ಯಾನೇಜರ್ ನನ್ನನ್ನು ಬಸ್ಸು ಹತ್ತಿಸಿದರು.

ಸಂಜೆ ನಾಲ್ಕರಿಂದ ನರ್ಸಿಂಗ್ ಸ್ಟೇಷನ್ನಿನಲ್ಲಿ ಸಿಸ್ಟರ್ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಡಿಸ್ಚಾರ್ಜ್ ಆಗುವವರು ಗಂಟು ಕಟ್ಟಿಕೊಳ್ಳುತ್ತಿದ್ದರು. ಫೋನು, ಗಂಟೆ, ಯಾರೋ ಬಂದು ಡ್ರಿಪ್ ಮುಗೀತು ಅನ್ನೋದು. ಸಿಸ್ಟರ್ ಒಂದು ಸಾಲಿನಲ್ಲಿ ಅರ್ಧ ಟೈಪ್ ಮಾಡಿ ಎದ್ದು ಹೋಗಿ, ಬಂದು ಉಳಿದರ್ಧ ಮಾಡುತ್ತಿದ್ದರು. ನಮ್ಮ ಆಫೀಸಿನಲ್ಲಿ ಯಾರೂ ಹಾಗೆ ಟೈಪ್ ಮಾಡಿರಲಿಲ್ಲ. ಅಲ್ಲಿ ಕೂತು ಪರೀಕ್ಷೆ ಮಾಡುವಾಗ ನಮ್ಮ ಪಟ್ಟಿಯಲ್ಲಿ ಐದು ಹೆಸರು, ಯಾರೂ ಬರುವುದಿಲ್ಲ, ಯಾರೂ ಹೋಗುವುದಿಲ್ಲ.

ಐದೂವರೆ ಹೊತ್ತಿಗೆ ಅದು ನನ್ನ ಕಣ್ಣೆದುರೇ ಆಯಿತು. ಸಿಸ್ಟರ್ 12ನೇ ಬೆಡ್ಡಿನ ಎದುರಿನ ಪೆಟ್ಟಿಗೆಯಲ್ಲಿ ಟೈಪ್ ಮಾಡುತ್ತಿದ್ದರು. ಅದೇ ಹೊತ್ತಿಗೆ ಕೆಳಗಿನ ಬಿಲ್ಲಿಂಗ್ ಕೌಂಟರಿನಲ್ಲಿ ಯಾರೋ 9ನೇ ಬೆಡ್ಡನ್ನು ಡಿಸ್ಚಾರ್ಜ್ ಮಾಡಿದರು. ಪಟ್ಟಿ 30 ಸೆಕೆಂಡಿಗೊಮ್ಮೆ ಹೊಸದಾಗಿ ಬರುವಂತೆ ನಾವೇ ಇಟ್ಟಿದ್ದೆವು. ಬಂತು. 9ನೇ ಬೆಡ್ ಹೋಯಿತು, ಕೆಳಗಿನ ಹೆಸರುಗಳೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿದವು. ಆದರೆ ಸಿಸ್ಟರ್ ಟೈಪ್ ಮಾಡುತ್ತಿದ್ದ ಅಕ್ಷರಗಳು ಸರಿಯಲಿಲ್ಲ. ಪೆಟ್ಟಿಗೆ ಅಲ್ಲೇ, ಕರ್ಸರ್ ಅಲ್ಲೇ, ಬರೆದದ್ದೂ ಅಲ್ಲೇ. ಎಡಗಡೆಯ ಹೆಸರು ಮಾತ್ರ ಬದಲಾಗಿತ್ತು. ಕಣ್ಣು ಪೆಟ್ಟಿಗೆಯ ಮೇಲಿದ್ದರಿಂದ ಅವರಿಗೆ ಗೊತ್ತಾಗಲಿಲ್ಲ. ಸೇವ್ ಒತ್ತಿದ್ದರೆ ಅದು 13ಕ್ಕೆ ಹೋಗುತ್ತಿತ್ತು.

'ಸಿಸ್ಟರ್, ನಿಲ್ಲಿಸಿ' ಅಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಏನಾಗಿತ್ತು ಅನ್ನೋದನ್ನು ಊಟದ ಪಂಕ್ತಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಪಂಕ್ತಿಯಲ್ಲಿ ಹತ್ತು ಜನ ಕೂತಿದ್ದಾರೆ, ಹತ್ತು ಎಲೆ. ನಾಲ್ಕನೆಯವರು ಎದ್ದು ಹೋದರು. ಸರಿಯಾದ ಕ್ರಮ ಅಂದರೆ ಅವರ ಎಲೆ ತೆಗೆಯಬೇಕು, ಉಳಿದವರು ತಂತಮ್ಮ ಎಲೆಯ ಮುಂದೆಯೇ ಇರಬೇಕು. ಬ್ಲೇಜರ್ ಹಾಗೆ ಮಾಡುವುದಿಲ್ಲ. ಯಾರ ಎಲೆ ಯಾವುದು ಅಂತ ನಾವು ಹೇಳದಿದ್ದರೆ ಅದು ಸ್ಥಾನವನ್ನು ಮಾತ್ರ ನೋಡುತ್ತದೆ. ಐದನೆಯವರನ್ನು ನಾಲ್ಕನೇ ಎಲೆಗೆ, ಆರನೆಯವರನ್ನು ಐದನೇ ಎಲೆಗೆ ಸರಿಸಿ ಕೂರಿಸಿ, ಕೊನೆಯಲ್ಲಿ ಉಳಿದ ಹತ್ತನೇ ಎಲೆ ತೆಗೆಯುತ್ತದೆ. ಎಲೆ ಖಾಲಿ ಇದ್ದರೆ ಇದರಿಂದ ಏನೂ ನಷ್ಟವಿಲ್ಲ, ಕೆಲಸವೂ ಬೇಗ. ಆದರೆ ಎಲೆಯಲ್ಲಿ ಅರ್ಧ ಉಂಡ ಅನ್ನವಿದ್ದರೆ? ಒಬ್ಬರ ಎಂಜಲೆಲೆಯ ಮುಂದೆ ಇನ್ನೊಬ್ಬರನ್ನು ತಂದು ಕೂರಿಸಿದ ಹಾಗಾಯಿತು.

ನಮ್ಮ 14 ಸ್ಕ್ರೀನುಗಳಲ್ಲಿ 13ರಲ್ಲಿ ಎಲೆ ಖಾಲಿ. ಸಾಲು ಸುಮ್ಮನೆ ಮಾಹಿತಿ ತೋರಿಸುತ್ತದೆ, ತನ್ನದು ಅಂತ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಡಯಟ್ ಪಟ್ಟಿಯಲ್ಲಿ ಮಾತ್ರ, ಸೇವ್ ಒತ್ತುವವರೆಗೆ ಅರ್ಧ ಬರೆದದ್ದು ಆ ಸಾಲಿನ ಕಾಂಪೊನೆಂಟಿನ ಒಳಗೇ ಇರುತ್ತಿತ್ತು. ಯಾರ ಎಲೆ ಯಾವುದು ಅಂತ ಹೇಳೋಕೆ ಬ್ಲೇಜರ್‌ನಲ್ಲಿ 'ಕೀ' ಅಂತ ಒಂದು ಗುರುತು ಇದೆ. ನಾನು ಕಿತ್ತು ಹಾಕಿದ ಹಳೇ ಡಯಟ್ ಸ್ಕ್ರೀನ್ ತೆಗೆದು ನೋಡಿದೆ. ಅದರ ಫೋರ್‌ಈಚ್ ಒಳಗೆ ಆ ಗುರುತು ಇತ್ತು. ನನಗಿಂತ ಮೊದಲು ಬರೆದವರು ಯಾರೋ ಸದ್ದಿಲ್ಲದೆ ಹಾಕಿಟ್ಟಿದ್ದರು. ನನ್ನ ಅಚ್ಚುಕಟ್ಟಾದ ಒರಳಿನಲ್ಲಿ ಅದಿರಲಿಲ್ಲ. ಒಂದು ಕಡೆ ಬರೆದು 14 ಕಡೆ ಬಳಸಿದರೆ ಒಳ್ಳೆಯದು 14 ಕಡೆಗೂ ಹೋಗುತ್ತದೆ ಅಂತ ಬೀಗಿದ್ದೆ. ಮರೆವೂ 14 ಕಡೆಗೆ ಹೋಗುತ್ತದೆ ಅಂತ ಹೊಳೆದೇ ಇರಲಿಲ್ಲ.

ಅಲ್ಲೇ ಸ್ಟೂಲಿನ ಮೇಲೆ ಕೂತು ತಿದ್ದಿದೆ. ಪಟ್ಟಿಯ ಒಳಗೆ, ಪ್ರತಿ ಸಾಲಿಗೂ ಆ ಸಾಲಿನ ಮಾಹಿತಿಯನ್ನೇ ಕೀ ಆಗಿ ಕೊಟ್ಟೆ. ಒಂದೇ ಗೆರೆ. ಆಫೀಸಿಗೆ ಕಳಿಸಿ ಟೆಸ್ಟ್ ಸರ್ವರಿನಲ್ಲಿ ಹಾಕಿಸಿ ಸಿಸ್ಟರಿಗೆ ತೋರಿಸಿದೆ. ಅವರು ಟೈಪ್ ಮಾಡಿದರು. 30 ಸೆಕೆಂಡ್ ಆಯಿತು. ಬರೆದದ್ದೆಲ್ಲ ಮಾಯ.

ಯಾಕೆಂದರೆ ಸರ್ವರಿನಿಂದ ಪಟ್ಟಿ ಹೊಸದಾಗಿ ಬಂದಾಗ ಅದೇ ರೋಗಿಗೆ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ. ವಿವರವೆಲ್ಲ ಅದೇ ಇದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅವರು ಬೇರೆಯವರು. ಹಾಗಾಗಿ ಎಲ್ಲರ ಎಲೆಯನ್ನೂ ಎತ್ತಿ ಹೊಸ ಎಲೆ ಹಾಕಿತು. ಒಬ್ಬರದ್ದು ಒಬ್ಬರಿಗೆ ಹೋಗುವುದು ತಪ್ಪಿತು, ಆದರೆ ಯಾರಿಗೂ ಏನೂ ಉಳಿಯಲಿಲ್ಲ.

ಹಾಗಾದರೆ ಸಲ ಸಲ ಬದಲಾಗದ ಗುರುತು ಬೇಕು. 'ಬೆಡ್ ನಂಬರನ್ನೇ ಕೀ ಮಾಡ್ತೀನಿ' ಅಂತ ನನ್ನಷ್ಟಕ್ಕೇ ಗೊಣಗಿದೆ. ಸಿಸ್ಟರಿಗೆ ಕೀ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಬೆಡ್ ನಂಬರ್ ಅಂದದ್ದು ಕೇಳಿಸಿತು.

'ಬೆಡ್ ನಂಬರ್ ಪೇಷಂಟ್ ಅಲ್ಲ ಸರ್' ಅಂದರು. 'ಮಧ್ಯಾಹ್ನ 12ರಲ್ಲಿ ಇದ್ದೋರನ್ನ ಸಂಜೆ ಐಸಿಯುಗೆ ಹಾಕ್ತೀವಿ, ಅಲ್ಲಿಗೆ ಇನ್ನೊಬ್ಬರು ಬರ್ತಾರೆ. ಹೆರಿಗೆ ವಾರ್ಡಿಗೆ ಹೋಗಿ ನೋಡಿ, ಒಂದೇ ಬೆಡ್‌ನಲ್ಲಿ ತಾಯಿ ಮಗು ಇಬ್ಬರೂ ಇರ್ತಾರೆ. ನಾವು ಯಾವಾಗ್ಲೂ ಐಪಿ ನಂಬರ್ ನೋಡೋದು. ಸೇರಿದಾಗ ಕೊಟ್ಟಿದ್ದು, ಮನೆಗೆ ಹೋಗೋ ತನಕ ಅದೇ.'

ಅಂದು ಮೇಜಿನ ಮೇಲಿದ್ದ ನೋಟ್‌ಬುಕ್ ತಿರುಗಿಸಿ ತೋರಿಸಿದರು. ನಮ್ಮ ಸಾಫ್ಟ್‌ವೇರ್ ಬಂದ ಮೇಲೂ ಅವರು ಬಿಡದೆ ಬರೆಯುತ್ತಿದ್ದ ನೋಟ್‌ಬುಕ್. ಪ್ರತಿ ಸಾಲಿನಲ್ಲಿ ಮೊದಲು ಐಪಿ ನಂಬರ್, ಆಮೇಲೆ ಹೆಸರು, ಕೊನೆಯಲ್ಲಿ ಪೆನ್ಸಿಲಿನಲ್ಲಿ ಬೆಡ್ ನಂಬರ್. ಅದು ಬದಲಾಗುತ್ತಲ್ಲ, ಅದಕ್ಕೆ ಪೆನ್ಸಿಲ್. ಅವತ್ತು ಅಡುಗೆಮನೆಗೆ ಹೋದ ಪ್ರಿಂಟನ್ನು ಅವರು ಹಿಡಿದದ್ದು ಈ ನೋಟ್‌ಬುಕ್ ಜೊತೆ ಹೋಲಿಸಿ ನೋಡುವಾಗಲೇ ಅಂತೆ. 13ನೇ ಬೆಡ್ಡಿನ ಅಜ್ಜಿ ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತಗೊಳ್ಳುವವರು. ಅವರಿಗೆ ರಾತ್ರಿ ಊಟ ತಪ್ಪಿದ್ದರೆ ಸಕ್ಕರೆ ಅಂಶ ಕುಸಿಯುತ್ತಿತ್ತು. 12ನೆಯವರು ಹೊಟ್ಟೆ ತುಂಬ ತಿಂದು ಬೆಳಗ್ಗೆ ಅನಸ್ತೇಶಿಯಾ ತಗೊಂಡಿದ್ದರೆ ತಿಂದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ. ಎರಡನ್ನೂ ತಡೆದದ್ದು ಪೆನ್ಸಿಲಿನಲ್ಲಿ ಬರೆದ ಒಂದು ಪಟ್ಟಿ. ಮತ್ತು ಆ ಪಟ್ಟಿ ಬರೆದವರನ್ನೇ ನಾನು 'ಯೂಸರ್ ಎರರ್' ಅಂದಿದ್ದೆ.

ರಾತ್ರಿ ಊರು ಬಿಡುವ ಮುಂಚೆ ಸಿಸ್ಟರ್ ಜೊತೆ 12ನೇ ಬೆಡ್ ತನಕ ಹೋಗಿ ನಿಂತೆ. ಅಲ್ಲಿ ಆಗಲೇ ಬೇರೆ ಯಾರೋ ಇದ್ದರು. ಮಲಗಿದ್ದವರು ನನ್ನನ್ನು ಡಾಕ್ಟರ್ ಅಂದುಕೊಂಡು ಏಳಲು ಹೋದರು. ಮಲಗಿ ಅಂತ ಸನ್ನೆ ಮಾಡಿದೆ. 'ಸಿಸ್ಟರ್, ಅವತ್ತು ಫೋನಲ್ಲಿ ನಿಮ್ಮದೇ ತಪ್ಪು ಅಂದುಬಿಟ್ಟೆ. ಕ್ಷಮಿಸಿ' ಅಂದೆ. 'ಪರವಾಗಿಲ್ಲ ಸರ್, ಈಗಾದ್ರೂ ಬಂದು ನೋಡಿದ್ರಲ್ಲ' ಅಂದರು. ಬಸ್ಸಿನಲ್ಲಿ ಕೂತು ಮ್ಯಾನೇಜರಿಗೆ ಎರಡನೇ ಮೇಲ್ ಬರೆದೆ. ಮೊದಲನೆಯದನ್ನು ಕಳಿಸಿದ್ದವರಿಗೆಲ್ಲ ಇದನ್ನೂ ಕಳಿಸಿದೆ. ತಪ್ಪು ಸಿಸ್ಟರದ್ದಲ್ಲ, ನನ್ನದು ಅಂತ. ಅದನ್ನು ಬರೆಯೋಕೆ ಮೂರು ಸೆಕೆಂಡಿಗಿಂತ ಜಾಸ್ತಿ ಹಿಡಿಯಿತು.

ಈಗ ನನ್ನ ಪಟ್ಟಿಗೆ ಆರು ಪ್ಯಾರಾಮೀಟರ್. ಆರನೆಯದು, 'ಇಲ್ಲಿ ಯಾರು ಯಾರು ಅಂತ ಗುರುತಿಸೋದು ಹೇಗೆ' ಅನ್ನೋ ಪ್ರಶ್ನೆ. ಒಳರೋಗಿಗೆ ಐಪಿ ನಂಬರ್, ಔಷಧಿಗೆ ಬ್ಯಾಚಿನ ದಾಖಲೆ ಸಂಖ್ಯೆ, ಬಿಲ್ಲಿಗೆ ಬಿಲ್ ನಂಬರ್. ಉತ್ತರ ಒರಳಿಗೆ ಗೊತ್ತಿರಲು ಸಾಧ್ಯವಿಲ್ಲ, ಬಳಸುವವರೇ ಹೇಳಬೇಕು. ಆದರೆ ಪ್ರಶ್ನೆ ಕೇಳುವುದು ಒರಳಿನ ಜವಾಬ್ದಾರಿ. ಡಾಟ್‌ನೆಟ್ 6ರಿಂದ ಒಂದು ಪ್ಯಾರಾಮೀಟರ್ ಕಡ್ಡಾಯ ಅಂತ ಗುರುತು ಹಾಕುವ ಸೌಲಭ್ಯ ಬಂದಿದೆ. ಆದರೆ ಅದು ಬಿಲ್ಡ್ ಮಾಡುವಾಗ ಎಚ್ಚರಿಕೆ ಕೊಡುತ್ತದೆ, ತಡೆಯುವುದಿಲ್ಲ. ನಮ್ಮಲ್ಲಿ ಎಚ್ಚರಿಕೆ ಓದುವವರು ಎಷ್ಟು ಜನ ಅಂತ ನಿಮಗೆ ಗೊತ್ತೇ ಇದೆ. ಅದಕ್ಕೆ, ಕೀ ಕೊಡದಿದ್ದರೆ ಪಟ್ಟಿ ತೋರಿಸುವುದೇ ಇಲ್ಲ, ದೋಷ ಅಂತ ನಿಂತುಬಿಡುತ್ತದೆ, ಹಾಗೆ ಬರೆದಿದ್ದೀನಿ. ಇಬ್ಬರಿಗೆ ಒಂದೇ ಕೀ ಕೊಟ್ಟರೆ ಬ್ಲೇಜರ್ ತಾನೇ ದೋಷ ಎತ್ತುತ್ತದೆ. ಬೆಡ್ ನಂಬರ್ ಕೊಟ್ಟಿದ್ದರೆ ಹೆರಿಗೆ ವಾರ್ಡಿನ ಮೊದಲ ತಾಯಿ ಮಗುವಿನ ಹತ್ತಿರವೇ ಅದು ಮುಗ್ಗರಿಸುತ್ತಿತ್ತು.

ಇನ್ನೊಂದು ಕೆಲಸ ಮಾಡಿದೆ. ಅರ್ಧ ಬರೆದ ಟಿಪ್ಪಣಿಗಳನ್ನು ಸಾಲಿನ ಒಳಗಿಂದ ತೆಗೆದು, ಇಡೀ ಪುಟದ ಮಟ್ಟದಲ್ಲಿ ಐಪಿ ನಂಬರಿನ ಹೆಸರಲ್ಲಿ ಇಟ್ಟೆ. ಯಾಕೆಂದರೆ ಉದ್ದ ಪಟ್ಟಿಗಳಿಗೆ ಡಾಟ್‌ನೆಟ್ 5ರಲ್ಲಿ ಬಂದ ವರ್ಚುವಲೈಸ್ ಅನ್ನೋ ಕಾಂಪೊನೆಂಟ್ ಬಳಸುತ್ತೀವಿ. ಅದು ಕಣ್ಣಿಗೆ ಕಾಣುವ ಸಾಲುಗಳನ್ನು ಮತ್ತು ಆಚೀಚೆ ಒಂದೆರಡನ್ನು ಮಾತ್ರ ಕಟ್ಟಿ, ಸ್ಕ್ರಾಲ್ ಆಗಿ ದೂರ ಹೋದದ್ದನ್ನು ಬಿಸಾಡುತ್ತದೆ. ಸಾವಿರಾರು ಬಿಲ್ಲುಗಳಿದ್ದರೂ ಸ್ಕ್ರೀನ್ ಹಗುರ. ಆದರೆ ಬಿಸಾಡಿದ ಸಾಲಿನ ಜೊತೆ ಅದರೊಳಗೆ ಇಟ್ಟದ್ದೂ ಹೋಗುತ್ತದೆ. ಎಲೆ ಎತ್ತುವುದು ನಮ್ಮ ಕೈಯಲ್ಲಿಲ್ಲ ಅಂದಮೇಲೆ ಬೇಕಾದದ್ದನ್ನು ಎಲೆಯಲ್ಲಿ ಬಿಡಬಾರದು.

ಬಿ-ಯೂನಿಟ್ ಅಂತ ಬ್ಲೇಜರ್ ಕಾಂಪೊನೆಂಟುಗಳನ್ನು ಪರೀಕ್ಷಿಸುವ ಒಂದು ಲೈಬ್ರರಿ ಇದೆ. ಅದರಲ್ಲಿ ಒಂದು ಪರೀಕ್ಷೆ ಬರೆದಿದ್ದೀನಿ. ಮೂರು ಜನರ ಪಟ್ಟಿ ಮಾಡು, ಎರಡನೆಯವರ ಎದುರು ಏನಾದರೂ ಬರೆ, ಮೊದಲನೆಯವರನ್ನು ತೆಗೆ, ಬರೆದದ್ದು ಯಾರ ಹತ್ತಿರ ಇದೆ ನೋಡು. ಅಷ್ಟೇ. ಬರೆಯೋಕೆ ಹತ್ತು ನಿಮಿಷ ಸಾಕಾಯಿತು. ಬರೆಯಬೇಕು ಅಂತ ಗೊತ್ತಾಗೋಕೆ ಬಸ್ಸು ಹತ್ತಬೇಕಾಯಿತು.

ಆ ಕಾಂಪೊನೆಂಟಿನ ಕೋಡ್ ಈಗ ಬೇರೆ ಪ್ರಾಜೆಕ್ಟುಗಳಿಗೂ ಹೋಗಿದೆ. ಆರನೇ ಪ್ಯಾರಾಮೀಟರಿನ ಮೇಲೆ ಒಂದು ಕಾಮೆಂಟ್ ಇದೆ, ಕನ್ನಡದಲ್ಲೇ. 'ಬೆಡ್ ನಂಬರ್ ಪೇಷಂಟ್ ಅಲ್ಲ.' ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನು ನೋಡಿ, 'ಸರ್, ಇದು ಬಸ್ಸುಗಳ ಪ್ರಾಜೆಕ್ಟ್ ಅಲ್ವಾ, ಇಲ್ಲಿ ಬೆಡ್ ಎಲ್ಲಿಂದ ಬಂತು, ತೆಗೆದುಬಿಡ್ಲಾ?' ಅಂತ ಕೇಳಿದಳು.

'ತೆಗೀಬೇಡಮ್ಮ. ಟೀ ಕುಡಿಯೋಕೆ ಹೋಗೋಣ ಬಾ, ಹೇಳ್ತೀನಿ' ಅಂದೆ.